ಸರ್ವಜ್ಞ ಚಕ್ರವರ್ತಿಯ ಕುಂಚ: ಮೂರನೆಯ ಸೋಮೇಶ್ವರನ ಬದುಕು ಮತ್ತು ಮಾನಸೋಲ್ಲಾಸದ ಲೇಖನಿ

ಪೀಠಿಕೆ

ಕರ್ನಾಟಕದ ಚರಿತ್ರೆಯಲ್ಲಿ ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರನಿಗೆ ಎರಡು ಬಗೆಯ ಸ್ಥಾನ ದೊರೆತಿದೆ. ರಾಜಕೀಯ ಚರಿತ್ರೆಯ ದೃಷ್ಟಿಯಲ್ಲಿ ಅವನು ಆರನೆಯ ವಿಕ್ರಮಾದಿತ್ಯನಂತಹ ಪ್ರತಾಪಿಯ ಮಗ. ತಂದೆ ಕಟ್ಟಿದ ಸಾಮ್ರಾಜ್ಯವನ್ನು ವಿಸ್ತರಿಸದೆ, ಅದರ ಸಡಿಲಿಕೆಯನ್ನು ತಡೆಯಲಾರದೆ ಹನ್ನೆರಡು ವರ್ಷ ಆಳಿದ ಶಾಂತಿಪ್ರಿಯ ದೊರೆ. ಸಾಹಿತ್ಯ ಚರಿತ್ರೆಯ ದೃಷ್ಟಿಯಲ್ಲಿ ಅವನು ಅಭಿಲಷಿತಾರ್ಥಚಿಂತಾಮಣಿ ಎಂಬ ಪರ್ಯಾಯ ನಾಮವುಳ್ಳ ಮಾನಸೋಲ್ಲಾಸದ ಕರ್ತೃ, ಸರ್ವಜ್ಞ ಚಕ್ರವರ್ತಿ. ಈ ಎರಡು ಚಿತ್ರಗಳನ್ನು ಸಾಮಾನ್ಯವಾಗಿ ಒಂದರ ಎದುರು ಇನ್ನೊಂದನ್ನಿಟ್ಟು ನೋಡಲಾಗುತ್ತದೆ. ಕತ್ತಿ ಹಿಡಿಯಬೇಕಾದ ಕೈ ಲೇಖನಿ ಹಿಡಿಯಿತು ಎಂಬ ಆಕ್ಷೇಪ ಈ ಹೋಲಿಕೆಯ ಹಿಂದೆ ಅಡಗಿದೆ.

ಮಾನಸೋಲ್ಲಾಸದಲ್ಲಿ ಲೇಖನಿ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ಚಿತ್ರಪ್ರಕರಣದಲ್ಲಿ ಆ ಪದವು ಬರೆಯುವ ಕಂಟಕ್ಕಲ್ಲ, ಬಣ್ಣ ಹಚ್ಚುವ ಕುಂಚಕ್ಕೆ ಸಲ್ಲುತ್ತದೆ. ಯಾವ ಪ್ರಾಣಿಯ ಯಾವ ಭಾಗದ ಕೂದಲನ್ನು ಆರಿಸಬೇಕು, ಅದನ್ನು ಕಡ್ಡಿಗೆ ಯಾವುದರಿಂದ ಕೂಡಿಸಬೇಕು, ಎಷ್ಟು ಬಗೆಯ ಕುಂಚಗಳಿರಬೇಕು, ಒಂದೊಂದರ ಕೆಲಸವೇನು ಎಂಬುದನ್ನು ಒಬ್ಬ ಚಕ್ರವರ್ತಿಯ ಹೆಸರಿನ ಗ್ರಂಥ ವಿವರಿಸುತ್ತದೆ. ಕಲ್ಯಾಣದ ಅರಮನೆಯ ಗೋಡೆಗಳೂ ಅವುಗಳ ಮೇಲಿನ ಚಿತ್ರಗಳೂ ಇಂದು ಇಲ್ಲ. ಆ ಚಿತ್ರಗಳನ್ನು ಬರೆದ ಕುಂಚದ ವಿವರ ಮಾತ್ರ ಉಳಿದಿದೆ. ಸೋಮೇಶ್ವರನ ಬದುಕನ್ನು ಈ ಕುಂಚದ ಕಡೆಯಿಂದ ನೋಡಿದಾಗ ಅವನ ಸೋಲು ಗೆಲುವುಗಳ ಲೆಕ್ಕ ಬೇರೆಯಾಗುತ್ತದೆ. ಅದರ ಜೊತೆಗೆ ಆ ಕುಂಚವನ್ನು ನಿಜವಾಗಿ ಹಿಡಿದವರು ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ರಾಜಕುಮಾರನ ಪರಿಸರ

ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಶಕವರ್ಷದ ಬಳಕೆಯನ್ನು ಬದಿಗಿರಿಸಿ ಚಾಳುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದನು. 1126ರವರೆಗೆ, ಅಂದರೆ ಅರ್ಧ ಶತಮಾನ ಕಾಲ, ಅವನ ಆಳ್ವಿಕೆ ನಡೆಯಿತು. ಸೋಮೇಶ್ವರನ ಬಾಲ್ಯ, ವಿದ್ಯಾಭ್ಯಾಸ, ತಾರುಣ್ಯಗಳೆಲ್ಲ ಈ ದೀರ್ಘ ಆಳ್ವಿಕೆಯ ನೆರಳಿನಲ್ಲಿ ಕಳೆದವು. ಕಾಶ್ಮೀರದಿಂದ ಬಂದ ಬಿಲ್ಹಣ ಕಲ್ಯಾಣದ ಆಸ್ಥಾನದಲ್ಲಿ ವಿಕ್ರಮಾಂಕದೇವಚರಿತವನ್ನು ರಚಿಸಿದ್ದನು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಇದೇ ಕಾಲದಲ್ಲಿ. ಹೀಗೆ ಕಾವ್ಯ ಮತ್ತು ಧರ್ಮಶಾಸ್ತ್ರಗಳೆರಡರಲ್ಲಿಯೂ ಅಖಿಲ ಭಾರತ ಮಟ್ಟದ ಕೃತಿಗಳು ಹುಟ್ಟಿದ ಊರಿನಲ್ಲಿ ರಾಜಕುಮಾರನು ಬೆಳೆದನು.

ಚಾಳುಕ್ಯರ ರಾಜ್ಯದಲ್ಲಿ ಲೋಕೋಪಯೋಗಿ ಶಾಸ್ತ್ರಗಳ ರಚನೆಗೆ ಅದಾಗಲೇ ಒಂದು ಪರಂಪರೆ ಇತ್ತು ಎಂಬುದು ಗಮನಾರ್ಹ. ಇಮ್ಮಡಿ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಲೋಕೋಪಕಾರವನ್ನು ಬರೆದು ವಾಸ್ತು, ಅಂತರ್ಜಲ, ಸುಗಂಧದ್ರವ್ಯ, ಪಾಕ, ವೃಕ್ಷಾಯುರ್ವೇದ ಮೊದಲಾದ ವಿಷಯಗಳನ್ನು ಒಂದೆಡೆ ತಂದಿದ್ದನು. ಶ್ರೀಧರಾಚಾರ್ಯನ ಜಾತಕತಿಲಕ 1049ರದು. ಚಾಳುಕ್ಯ ರಾಜವಂಶಕ್ಕೇ ಸೇರಿದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ರಚಿಸಿದನು. ಅರಮನೆಯವನೊಬ್ಬ ದನಗಳ ರೋಗ ಮತ್ತು ಚಿಕಿತ್ಸೆಯ ಬಗ್ಗೆ ಗ್ರಂಥ ಬರೆಯುವುದು ಆ ವಂಶದಲ್ಲಿ ಕೀಳು ಕೆಲಸವೆನಿಸಿರಲಿಲ್ಲ. ಮುಂದೆ ಸೋಮೇಶ್ವರನು ಕರುವಿನ ಕಿವಿಯ ಕೂದಲಿನ ಬಗೆಗೆ ಬರೆದಾಗ ಅದು ಈ ಪರಂಪರೆಯ ಮುಂದುವರಿಕೆಯೇ ಆಗಿತ್ತು.

ಕುಶಲಕರ್ಮಿಗಳ ದೃಷ್ಟಿಯಿಂದಲೂ ಅದು ಸಮೃದ್ಧ ಕಾಲ. ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ದೇವಾಲಯವನ್ನು ಶಾಸನವು ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಹೊಯ್ಸಳರ ಬೇಲೂರಿಗೆ ಹೋಗಿ, 1117ರಲ್ಲಿ ಪ್ರತಿಷ್ಠೆಗೊಂಡ ಗುಡಿಯ ಶಿಲ್ಪಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿಕೊಂಡರು. ಕಲ್ಲಿನಲ್ಲಿ ಕೆಲಸ ಮಾಡಿದವನ ಹೆಸರು ಕಲ್ಲಿನೊಡನೆ ಉಳಿಯಿತು. ಸುಣ್ಣದ ಗೋಡೆಯ ಮೇಲೆ ಬಣ್ಣದಲ್ಲಿ ಕೆಲಸ ಮಾಡಿದವನ ಹೆಸರಿಗೆ ಆ ಭಾಗ್ಯ ಇರಲಿಲ್ಲ.

ಪಟ್ಟಾಭಿಷೇಕ ಮತ್ತು ಆಳ್ವಿಕೆ

1126ರಲ್ಲಿ ತಂದೆಯ ನಂತರ ಸೋಮೇಶ್ವರನು ಸಿಂಹಾಸನವೇರಿ ಭೂಲೋಕಮಲ್ಲನೆಂಬ ಬಿರುದನ್ನು ಧರಿಸಿದನು. ತಂದೆಯ ಮಾದರಿಯನ್ನು ಅನುಸರಿಸಿ ತನ್ನ ಹೆಸರಿನಲ್ಲಿಯೇ ವರ್ಷಗಣನೆಯನ್ನು ಆರಂಭಿಸಿದನು. ಅವನ ಕಾಲದ ಶಾಸನಗಳಲ್ಲಿ ಭೂಲೋಕಮಲ್ಲ ವರ್ಷದ ಉಲ್ಲೇಖ ಬರುತ್ತದೆ. ಆದರೆ ವರ್ಷವನ್ನು ಹೆಸರಿಸಿದಷ್ಟು ಸುಲಭವಾಗಿ ಸಾಮಂತರನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಸಾಧ್ಯವಾಗಲಿಲ್ಲ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗಷ್ಟೇ ಅಧೀನನಾಗಿದ್ದು ಸ್ವತಂತ್ರನಂತೆ ವರ್ತಿಸತೊಡಗಿದನು. ಪೂರ್ವದಲ್ಲಿ ವಿಕ್ರಮಾದಿತ್ಯನು ಗಳಿಸಿದ್ದ ವೇಂಗಿಯ ಮೇಲಿನ ಹಿಡಿತ ಚೋಳರ ಒತ್ತಡದಿಂದ ಕೈತಪ್ಪಿತು. ಕಾಕತೀಯರು ಮತ್ತು ತರ್ದವಾಡಿಯ ಕಲಚುರಿಗಳು ತಮ್ಮ ಕಾಲಕ್ಕಾಗಿ ಕಾಯುತ್ತಿದ್ದರು.

ಈ ಹಿನ್ನೆಲೆಯಲ್ಲಿ ಸೋಮೇಶ್ವರನ ಆಳ್ವಿಕೆಯನ್ನು ಅವನತಿಯ ಆರಂಭವೆಂದು ಗುರುತಿಸುವುದು ರೂಢಿ. ಆದರೆ ಐವತ್ತು ವರ್ಷ ಒಬ್ಬನೇ ಅರಸನ ವ್ಯಕ್ತಿಬಲದ ಮೇಲೆ ನಿಂತಿದ್ದ ವ್ಯವಸ್ಥೆಯಲ್ಲಿ ಆ ವ್ಯಕ್ತಿ ಮರೆಯಾದ ಕೂಡಲೇ ಸಾಮಂತರು ತಲೆಯೆತ್ತುವುದು ಅನಿರೀಕ್ಷಿತವೇನಲ್ಲ. ಒಳನಾಡು ಬಹುಮಟ್ಟಿಗೆ ನೆಮ್ಮದಿಯಿಂದಿದ್ದ ಆ ಅವಧಿಯಲ್ಲಿ ಅರಸನು ತನ್ನ ಗಮನವನ್ನು ಮತ್ತೊಂದು ಬಗೆಯ ಸಂಗ್ರಹದ ಕಡೆಗೆ ತಿರುಗಿಸಿದನು.

ಗ್ರಂಥರಚನೆ

ಸೋಮೇಶ್ವರನ ಹೆಸರಿನಲ್ಲಿ ಎರಡು ಸಂಸ್ಕೃತ ಕೃತಿಗಳು ದೊರೆತಿವೆ. ಮೊದಲನೆಯದು ವಿಕ್ರಮಾಂಕಾಭ್ಯುದಯ, ತಂದೆಯ ಚರಿತ್ರೆಯನ್ನು ವಸ್ತುವಾಗಿ ಉಳ್ಳ, ಅಪೂರ್ಣವಾಗಿ ದೊರೆತ ಗದ್ಯಕಾವ್ಯ. ಎರಡನೆಯದು ಮಾನಸೋಲ್ಲಾಸ. ಇದರ ಜ್ಯೋತಿಷ ಭಾಗದಲ್ಲಿ ಗಣನೆಗಾಗಿ ಕೊಟ್ಟಿರುವ ಶಕ 1051, ಅಂದರೆ ಕ್ರಿ.ಶ. 1129, ಗ್ರಂಥದ ಕಾಲನಿರ್ಣಯಕ್ಕೆ ಆಧಾರವಾಗಿದೆ. ಪಟ್ಟಕ್ಕೆ ಬಂದ ಮೂರು ವರ್ಷಗಳ ಆಸುಪಾಸಿನಲ್ಲಿಯೇ ಇಷ್ಟು ದೊಡ್ಡ ಕೃತಿಯ ಕೆಲಸ ನಡೆದಿತ್ತೆಂದರೆ ಅದಕ್ಕೆ ಬೇಕಾದ ಸಾಮಗ್ರಿ ಯುವರಾಜನ ಕಾಲದಿಂದಲೇ ಕೂಡಿಬರುತ್ತಿದ್ದಿರಬೇಕು.

ಗ್ರಂಥವು ಐದು ವಿಂಶತಿಗಳಲ್ಲಿ, ಒಂದೊಂದರಲ್ಲಿ ಇಪ್ಪತ್ತರಂತೆ ನೂರು ಅಧ್ಯಾಯಗಳಲ್ಲಿ ಹರಡಿದೆ. ಶ್ಲೋಕಗಳ ಸಂಖ್ಯೆ ಸುಮಾರು 8000. ರಾಜ್ಯವನ್ನು ಪಡೆಯುವುದು, ಪಡೆದದ್ದನ್ನು ಸ್ಥಿರಗೊಳಿಸುವುದು, ಸ್ಥಿರವಾದ ರಾಜ್ಯದ ಉಪಭೋಗ, ವಿನೋದ ಮತ್ತು ಕ್ರೀಡೆ ಎಂಬುದು ವಿಂಶತಿಗಳ ಕ್ರಮ. ಅನ್ನಭೋಗದಲ್ಲಿ ಬರುವ ಇಡ್ಡರಿಕಾ, ಧೋಸಕ ಮೊದಲಾದ ತಿನಿಸುಗಳ ಹೆಸರುಗಳು ಕನ್ನಡಿಗರ ಅಡುಗೆಮನೆಯಿಂದ ಸಂಸ್ಕೃತದ ಉಡುಪು ತೊಟ್ಟು ಬಂದವೆಂಬುದು ಸ್ಪಷ್ಟ. ಮತ್ಸ್ಯವಿನೋದ, ಸಾರಮೇಯವಿನೋದಗಳಲ್ಲಿ ಮೀನು ಮತ್ತು ನಾಯಿಗಳ ಬಗ್ಗೆ ಇರುವ ವಿವರಗಳು ಬೆಸ್ತರ, ಬೇಟೆಗಾರರ ಅನುಭವದಿಂದ ಬಂದವು. ಗೀತವಿನೋದದಲ್ಲಿ ದೇಶಭಾಷೆಗಳ ಪ್ರಬಂಧಗಳಿಗೂ ಎಡೆಯುಂಟು.

ಇಷ್ಟೊಂದು ಕ್ಷೇತ್ರಗಳ ಜ್ಞಾನ ಒಬ್ಬನೇ ವ್ಯಕ್ತಿಗೆ ಸಾಧ್ಯವೇ ಎಂಬ ಸಂದೇಹ ಸಹಜ. ಆಸ್ಥಾನದ ಪಂಡಿತರ ನೆರವು ಅರಸನಿಗೆ ಇದ್ದಿರಬಹುದೆಂಬ ಊಹೆಯೂ ಇದೆ. ಆದರೆ ಪಂಡಿತರ ನೆರವನ್ನು ಒಪ್ಪಿದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ. ಪಂಡಿತರಿಗೆ ಶಾಸ್ತ್ರ ಗೊತ್ತು. ಕುಂಚದ ತುದಿಗೆ ಯಾವ ಅಂಟು ನಿಲ್ಲುತ್ತದೆ ಎಂಬುದು ಗೊತ್ತಿರುವುದು ಕುಂಚ ಕಟ್ಟುವವನಿಗೆ. ಆದ್ದರಿಂದ ಮಾನಸೋಲ್ಲಾಸದ ಹಿಂದೆ ಅರಸ ಮತ್ತು ಪಂಡಿತರ ಜೊತೆಗೆ ಮೂರನೆಯವನೊಬ್ಬನಿದ್ದಾನೆ. ಚಿತ್ರಪ್ರಕರಣದಲ್ಲಿ ಅವನ ಇರುವು ಎದ್ದು ಕಾಣುತ್ತದೆ.

ಚಿತ್ರಪ್ರಕರಣ

ಚಿತ್ರದ ವಿಷಯ ಮೂರನೆಯ ವಿಂಶತಿಯ ಗೃಹೋಪಭೋಗದಲ್ಲಿ ಬರುತ್ತದೆ. ಮನೆಯನ್ನು ಕಟ್ಟಿದ ಮೇಲೆ ಅದರ ಗೋಡೆಗಳಿಗೆ ಚಿತ್ರ ಬೇಕು. ಚಿತ್ರವಿಲ್ಲದ ಅರಮನೆ ವಾಸಕ್ಕೆ ಯೋಗ್ಯವಾದರೂ ಭೋಗಕ್ಕೆ ಅಪೂರ್ಣ ಎಂಬುದು ಇಲ್ಲಿನ ನಿಲುವು. ಈ ಸಂದರ್ಭದಲ್ಲಿ ಸೋಮೇಶ್ವರನು ತನ್ನನ್ನು ಚಿತ್ರವಿದ್ಯಾವಿರಿಂಚಿ, ಅಂದರೆ ಚಿತ್ರವಿದ್ಯೆಯಲ್ಲಿ ಬ್ರಹ್ಮ, ಎಂದು ಕರೆದುಕೊಂಡಿದ್ದಾನೆ. ರಾಜಬಿರುದುಗಳ ಉತ್ಪ್ರೇಕ್ಷೆಯನ್ನು ಕಳೆದರೂ ಅರಸನೊಬ್ಬನು ತನ್ನ ಹೆಮ್ಮೆಗೆ ಯುದ್ಧವನ್ನಲ್ಲದೆ ಚಿತ್ರವನ್ನೂ ಆಧಾರವಾಗಿಸಿಕೊಂಡ ಸಂಗತಿ ಉಳಿಯುತ್ತದೆ.

ಚಿತ್ರಕಾರನಿಗೆ ಇರಬೇಕಾದ ಗುಣಗಳನ್ನು ಗ್ರಂಥವು ಎಣಿಸುತ್ತದೆ. ಅವನು ಪ್ರಗಲ್ಭನಾಗಿರಬೇಕು, ಭಾವವನ್ನು ಬಲ್ಲವನಾಗಿರಬೇಕು, ಸೂಕ್ಷ್ಮರೇಖೆಯಲ್ಲಿ ನಿಪುಣನಾಗಿರಬೇಕು, ಬಣ್ಣ ತುಂಬುವುದರಲ್ಲಿ ದಕ್ಷನಾಗಿರಬೇಕು. ರೇಖೆ ಮತ್ತು ವರ್ಣಪೂರಣಗಳನ್ನು ಎರಡು ಪ್ರತ್ಯೇಕ ನೈಪುಣ್ಯಗಳಾಗಿ ಹೇಳಿರುವುದು ಮುಂದೆ ಬರುವ ಕುಂಚಗಳ ವಿಂಗಡಣೆಗೆ ಪೀಠಿಕೆಯಂತಿದೆ.

ಚಿತ್ರಗಳು ಐದು ಬಗೆ: ಕನ್ನಡಿಯ ಪ್ರತಿಬಿಂಬದಂತೆ ಹೋಲಿಕೆಯುಳ್ಳ ವಿದ್ಧ, ಕಲ್ಪನೆಯಿಂದ ಸಹಜವಾಗಿ ಮೂಡುವ ಅವಿದ್ಧ, ನೋಡಿದೊಡನೆ ಶೃಂಗಾರಾದಿಗಳನ್ನು ತೋರುವ ಭಾವಚಿತ್ರ, ದ್ರವರೂಪದ ಬಣ್ಣಗಳಿಂದ ಬರೆಯುವ ರಸಚಿತ್ರ, ಪುಡಿಬಣ್ಣದಿಂದ ಬಿಡಿಸುವ ಧೂಳಿಚಿತ್ರ. ಕೊನೆಯ ಎರಡು ಹೆಸರುಗಳು ವಿಶೇಷ ಗಮನಕ್ಕೆ ಅರ್ಹ. ಧೂಳಿಚಿತ್ರವೆಂದರೆ ಮನೆಯಂಗಳದ ರಂಗವಲ್ಲಿಯ ವರ್ಗಕ್ಕೆ ಸೇರಿದ ಕಲೆ. ಅಲ್ಲಿ ಬೆರಳೇ ಉಪಕರಣ. ರಸಚಿತ್ರವೆಂದರೆ ನೀರಿನಲ್ಲಿ ಕದಡಿದ ಬಣ್ಣದ ಚಿತ್ರ. ಅಲ್ಲಿ ಬೆರಳು ಸಾಲದು, ಕುಂಚ ಬೇಕು. ಇಂದು ಜಲವರ್ಣವೆಂದು ಕರೆಯುವ ಕಲೆಗೆ ಕಾಗದ ಮತ್ತು ಗೋಂದು ಸೇರಿದ್ದು ಬೇರೆ ಕಾಲದಲ್ಲಿ. ಆದರೆ ಬಣ್ಣ, ನೀರು, ಅಂಟು, ಕೂದಲು ಎಂಬ ನಾಲ್ಕರ ಸಂಬಂಧ ಇಲ್ಲಿಯೂ ಅದೇ.

ಬಣ್ಣವನ್ನು ಹಿಡಿದಿಡುವ ಅಂಟಿಗೆ ವಜ್ರಲೇಪವೆಂದು ಹೆಸರು. ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೃದುವಾಗುವವರೆಗೆ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಿಡಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರಿನೊಡನೆ ಕಾಯಿಸಿದರೆ ಅದು ಕರಗುತ್ತದೆ. ಇದನ್ನು ಬಿಳಿಯ ಮಣ್ಣಿನೊಡನೆ ಕಲಸಿ ನುಣುಪಾದ ಒಣ ಗೋಡೆಗೆ ಮೂರು ಸಲ ಬಳಿದು ಚಿತ್ರದ ನೆಲೆಯನ್ನು ಸಿದ್ಧಗೊಳಿಸಬೇಕು. ಶಂಖದ ಪುಡಿಯಿಂದ ಬಿಳುಪು, ಇಂಗಲೀಕ ಮತ್ತು ಜಾಜಿನಿಂದ ಕೆಂಪಿನ ಛಾಯೆಗಳು, ಅರಗಿನ ರಸದಿಂದ ಅಲತಿಗೆಯ ಕೆಂಪು, ಹರಿದಾಳದಿಂದ ಹಳದಿ, ನೀಲಿಯಿಂದ ನೀಲ, ಕಾಡಿಗೆಯಿಂದ ಕಪ್ಪು ದೊರೆಯುತ್ತವೆ. ಚಿನ್ನದ ತಗಡನ್ನು ಅರೆದು ತೊಳೆದು ವಜ್ರಲೇಪದೊಡನೆ ಹಚ್ಚಿ, ಹಂದಿಯ ಕೋರೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ತಗ್ಗಿದ ಭಾಗಕ್ಕೆ ಗಾಢ, ಉಬ್ಬಿದ ಭಾಗಕ್ಕೆ ತಿಳಿ ಬಣ್ಣ ಕೊಟ್ಟು ನಿಮ್ನೋನ್ನತವನ್ನು ತೋರಿಸಬೇಕು.

ಲೇಖನಿಯ ರಚನೆ

ಚಿತ್ರ ಬರೆಯುವ ಉಪಕರಣಗಳು ಮೂರು. ಮೊದಲನೆಯದು ವರ್ತಿಕೆ: ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದು ಒಣಗಿಸಿದ ಕಪ್ಪು ಕಡ್ಡಿ. ಮೊದಲ ಕರಡು ರೇಖೆಗಳಿಗೆ ಇದು ಸಾಧನ. ಎರಡನೆಯದು ತಿಂದುಕ: ಬಿದಿರಿನ ನಳಿಕೆಯ ತುದಿಗೆ ತಾಮ್ರದ ಮೊಳೆಯನ್ನು, ಒಂದು ಜವೆಯಷ್ಟು ಹೊರಗೆ, ಅಷ್ಟೇ ಒಳಗೆ ಇರುವಂತೆ ಕೂರಿಸಿದ್ದು. ಒಂದು ಜವೆಯ ಅಳತೆಯಲ್ಲಿ ಸಮತೋಲವನ್ನು ಹೇಳುವ ಈ ಮಾತು ಉಪಕರಣವನ್ನು ಕೈಯಲ್ಲಿ ಹಿಡಿದು ನೋಡಿದವರ ಮಾತು.

ಮೂರನೆಯದು ಲೇಖನಿ. ಕರುವಿನ ಕಿವಿಯಲ್ಲಿ ಬೆಳೆದ ಕೂದಲನ್ನು ಎಚ್ಚರದಿಂದ ಆಯ್ದು, ಕಡ್ಡಿಯ ತುದಿಯಲ್ಲಿಟ್ಟು, ಅರಗಿನಿಂದ ಬಂಧಿಸಬೇಕು. ಹೀಗೆ ಮಾಡಿದ ಲೇಖನಿ ಸ್ಥೂಲ, ಮಧ್ಯಮ, ಸೂಕ್ಷ್ಮವೆಂದು ಮೂರು ವಿಧ. ಸ್ಥೂಲವನ್ನು ಓರೆಯಾಗಿ ಹಿಡಿದು ವಿಸ್ತಾರವಾದ ಭಾಗಗಳಿಗೆ ಬಣ್ಣ ಬಳಿಯಬೇಕು. ಮಧ್ಯಮವು ಅಂಕನಕ್ಕೆ, ಅಂದರೆ ಆಕಾರವನ್ನು ಗುರುತಿಸುವ ಕೆಲಸಕ್ಕೆ. ಸೂಕ್ಷ್ಮವು ನವಿರಾದ ರೇಖೆಗಳಿಗೆ. ಕುಂಚದ ವಿಷಯ ಕೆಲವೇ ಶ್ಲೋಕಗಳಲ್ಲಿ ಮುಗಿಯುತ್ತದೆ. ಆದರೆ ಆ ಕೆಲವು ಶ್ಲೋಕಗಳಲ್ಲಿ ಮೂರು ನಿರ್ಧಾರಗಳು ಅಡಗಿವೆ: ಕೂದಲಿನ ಆಯ್ಕೆ, ಬಂಧಕದ ಆಯ್ಕೆ, ಗಾತ್ರದ ಆಯ್ಕೆ. ಮೂರಕ್ಕೂ ಕಾರಣಗಳುಂಟು.

ಬಂಧಕವನ್ನು ಮೊದಲು ಗಮನಿಸಬಹುದು. ಅದೇ ಪ್ರಕರಣದಲ್ಲಿ ವಜ್ರಲೇಪದಂತಹ ಬಲವಾದ ಅಂಟನ್ನು ವಿವರವಾಗಿ ಹೇಳಿದ ಗ್ರಂಥವು ಕುಂಚ ಕಟ್ಟುವಾಗ ಅದನ್ನು ಬಳಸದೆ ಅರಗನ್ನು ಸೂಚಿಸುತ್ತದೆ. ಚರ್ಮದ ಅಂಟು ಬಿಸಿನೀರಿನಲ್ಲಿ ಕರಗುವಂಥದು. ಬಿಸಿಯಾದ ಬಣ್ಣದಲ್ಲಿ ದಿನವಿಡೀ ಅದ್ದಬೇಕಾದ ಕುಂಚವನ್ನು ಅದರಿಂದಲೇ ಕಟ್ಟಿದರೆ ಕೂದಲು ಒಂದೊಂದಾಗಿ ಕಳಚಿ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಅರಗು ಬೆಂಕಿಯ ಶಾಖಕ್ಕೆ ಮೆತ್ತಗಾಗಿ ಕೂದಲಿನ ಬುಡದ ಸಂದುಗಳಿಗೆ ಇಳಿಯುತ್ತದೆ, ಆರಿದಾಗ ಗಟ್ಟಿಯಾಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಬಣ್ಣಕ್ಕೆ ಕರಗುವ ಅಂಟು, ಕುಂಚಕ್ಕೆ ಕರಗದ ಅಂಟು ಎಂಬ ಈ ವಿವೇಕವನ್ನು ಶ್ಲೋಕವು ಕಾರಣಸಹಿತ ವಿವರಿಸುವುದಿಲ್ಲ. ಫಲಿತವನ್ನು ಮಾತ್ರ ಹೇಳುತ್ತದೆ. ಕಾರಣವು ಕಾರ್ಯಶಾಲೆಯಲ್ಲಿ ಉಳಿಯಿತು.

ಕೂದಲಿನ ಆಯ್ಕೆ ಇನ್ನಷ್ಟು ಸೂಕ್ಷ್ಮವಾದದ್ದು. ಕುಂಚಕ್ಕೆ ಬೇಕಾದ ಕೂದಲು ಮೂರು ಕೆಲಸ ಮಾಡಬೇಕು: ಎಳೆಗಳ ನಡುವಿನ ಸಂದುಗಳಲ್ಲಿ ದ್ರವವನ್ನು ಹಿಡಿದಿಡಬೇಕು, ಒತ್ತಿದಾಗ ಅದನ್ನು ಹದವಾಗಿ ಬಿಡಬೇಕು, ಒತ್ತಡ ತೆಗೆದಾಗ ಮತ್ತೆ ನೆಟ್ಟಗಾಗಬೇಕು. ಜೊತೆಗೆ ಕೂದಲಿನ ಸಹಜವಾದ ಚೂಪು ತುದಿ ಹಾಗೆಯೇ ಇರಬೇಕು. ಆದ್ದರಿಂದಲೇ ಕುಂಚ ಕಟ್ಟುವವರು ತುದಿಗಳನ್ನು ಒಂದೆಡೆ ಸೇರಿಸಿ ಬುಡವನ್ನು ಕತ್ತರಿಸುತ್ತಾರೆಯೇ ಹೊರತು ತುದಿಗೆ ಕತ್ತರಿ ಹಾಕುವುದಿಲ್ಲ. ದನದ ಮೈಮೇಲಿನ ಕೂದಲು ಗಿಡ್ಡ, ಬಾಲದ ಕೂದಲು ಒರಟು. ಕಿವಿಯ ಕೂದಲು ಸಾಕಷ್ಟು ಉದ್ದ, ನೀಳ ಮತ್ತು ಪುಟಿಯುವ ಗುಣವುಳ್ಳದ್ದು. ಕರುವಿನದಾದರೆ ಅದು ಇನ್ನೂ ನವಿರು. ಆಧುನಿಕ ಕಾಲದಲ್ಲಿಯೂ ಚಿತ್ರಕಾರರ ಕುಂಚಗಳ ವ್ಯಾಪಾರದಲ್ಲಿ ಎತ್ತಿನ ಕೂದಲೆಂದು ಹೆಸರಾದದ್ದು ದನದ ಕಿವಿಯಿಂದ ತೆಗೆದ ಕೂದಲೇ. ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ಕೆಯನ್ನು ಬಹುದೂರದ ಕುಂಚಗಾರರು ಸ್ವತಂತ್ರವಾಗಿ ಮಾಡಿದರೆಂಬುದು ಆ ಆಯ್ಕೆಯ ವಾಸ್ತವಿಕತೆಗೆ ಸಾಕ್ಷಿ.

ಕೂದಲು, ಅಂಟು ಮತ್ತು ನೆಲೆ

ಮಾನಸೋಲ್ಲಾಸದ ಕುಂಚವನ್ನು ಹದಿನಾರನೆಯ ಶತಮಾನದ ಕೇರಳದ ಶ್ರೀಕುಮಾರನ ಶಿಲ್ಪರತ್ನದೊಡನೆ ಹೋಲಿಸಿದಾಗ ಒಂದು ಮುಖ್ಯ ವ್ಯತ್ಯಾಸ ತೋರುತ್ತದೆ. ಸೋಮೇಶ್ವರನಲ್ಲಿ ಕರುವಿನ ಕಿವಿಯ ಕೂದಲೊಂದೇ ಆಧಾರ. ಸ್ಥೂಲ, ಮಧ್ಯಮ, ಸೂಕ್ಷ್ಮಗಳ ಭೇದ ಗಾತ್ರದ್ದು ಮತ್ತು ಬಳಕೆಯದು. ಶ್ರೀಕುಮಾರನಲ್ಲಿ ಆ ಭೇದ ಪ್ರಾಣಿಗೂ ವಿಸ್ತರಿಸುತ್ತದೆ. ಸ್ಥೂಲಕ್ಕೆ ಕರುವಿನ ಕಿವಿಯ ಕೂದಲು, ಮಧ್ಯಮಕ್ಕೆ ಆಡಿನ ಹೊಟ್ಟೆಯ ಕೂದಲು, ಸೂಕ್ಷ್ಮಕ್ಕೆ ಅಳಿಲಿನಂತಹ ಸಣ್ಣ ಪ್ರಾಣಿಯ ಬಾಲದ ಕೂದಲು ಅಥವಾ ಹುಲ್ಲಿನ ತುದಿ. ಬಣ್ಣಗಳು ಒಂದಕ್ಕೊಂದು ಕಲೆಯದಂತೆ ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಕುಂಚಗಳು, ಒಟ್ಟು ಒಂಬತ್ತರಂತೆ, ಇರಬೇಕು.

ಮೂರು ವಿಧಗಳ ಚೌಕಟ್ಟು ಎರಡರಲ್ಲಿಯೂ ಒಂದೇ. ನಾಲ್ಕು ಶತಮಾನಗಳ ಅಂತರದಲ್ಲಿ ಕರುವಿನ ಕೂದಲು ಸ್ಥೂಲ ಕುಂಚಕ್ಕೆ ಸೀಮಿತವಾಯಿತೆಂಬುದು ಹೋಲಿಕೆಯಿಂದ ತಿಳಿಯುವ ಅಂಶ. ಕಿವಿಯ ಕೂದಲು ಪುಟಿಯುತ್ತದೆ, ಆದರೆ ಒದ್ದೆಯಾದಾಗ ಸೂಜಿಮೊನೆಯಷ್ಟು ಕೂಡಿಕೊಳ್ಳುವುದಿಲ್ಲ. ಅಳಿಲಿನ ಕೂದಲು ಬಹಳ ಮೃದು, ನೀರನ್ನು ಚೆನ್ನಾಗಿ ಹೀರುತ್ತದೆ, ಮೊನೆ ಚೂಪಾಗುತ್ತದೆ. ಆದರೆ ಅದಕ್ಕೆ ಬೆನ್ನೆಲುಬು ಕಡಿಮೆ. ಬೇಗನೆ ಬಿಗಿಯುವ ಚರ್ಮದ ಅಂಟಿನ ಬಣ್ಣವನ್ನು ಗೋಡೆಯ ಮೇಲೆ ಎಳೆಯಲು ಮೃದುವಾದ ಕೂದಲಿಗೆ ಶಕ್ತಿ ಸಾಲದು. ಗೋಡೆ ಮತ್ತು ವಜ್ರಲೇಪಕ್ಕೆ ಕರುವಿನ ಕಿವಿಯ ಕೂದಲು ಒಗ್ಗಿದರೆ, ಓಲೆ, ಹಲಗೆ, ಕಾಗದಗಳ ಮೇಲಿನ ತೆಳುವಾದ ಗೋಂದಿನ ಬಣ್ಣಕ್ಕೆ ಅಳಿಲಿನ ಕೂದಲು ಒಗ್ಗುತ್ತದೆ. ಕುಂಚದ ಆಯ್ಕೆಯು ಚಿತ್ರಕಾರನ ರುಚಿಯ ಪ್ರಶ್ನೆಯಷ್ಟೇ ಅಲ್ಲ, ಅಂಟು ಮತ್ತು ನೆಲೆಗಳ ಪ್ರಶ್ನೆಯೂ ಹೌದು ಎಂಬುದನ್ನು ಈ ಎರಡು ಗ್ರಂಥಗಳ ನಡುವಿನ ವ್ಯತ್ಯಾಸ ತೋರಿಸಿಕೊಡುತ್ತದೆ.

ಸೋಮೇಶ್ವರನ ಕಾಲದ ಕುಂಚದ ರೇಖೆ ಕಣ್ಣಿಗೆ ಕಾಣುವ ಎಡೆ ಒಂದಿದೆ. ಮೂಡಬಿದಿರೆಯ ಜೈನ ಬಸದಿಯಲ್ಲಿ ಉಳಿದು ಬಂದ ಧವಲಾ ಗ್ರಂಥಗಳ ಚಿತ್ರಿತ ತಾಳೆಯೋಲೆಗಳು 1113ರ ಆಸುಪಾಸಿನವು. ಅವು ಹೊಯ್ಸಳ ವಿಷ್ಣುವರ್ಧನನ ಕಾಲದವು, ಕಲ್ಯಾಣದವಲ್ಲ. ನೆಲೆಯೂ ಗೋಡೆಯಲ್ಲ, ಓಲೆ. ಆದರೂ ಬೆರಳಗಲದ ಜಾಗದಲ್ಲಿ ಕಣ್ಣು, ಮೂಗು, ಒಡವೆಗಳನ್ನು ಸುತ್ತುವರಿದ ಕಪ್ಪು ರೇಖೆಯನ್ನು ನೋಡಿದಾಗ ಚಿತ್ರಕಾರನ ಗುಣಗಳಲ್ಲಿ ಸೂಕ್ಷ್ಮರೇಖಾನೈಪುಣ್ಯಕ್ಕೆ ಮಾನಸೋಲ್ಲಾಸವು ಏಕೆ ಅಷ್ಟು ಮನ್ನಣೆ ಕೊಟ್ಟಿತು ಎಂಬುದು ತಿಳಿಯುತ್ತದೆ. ಬಣ್ಣವನ್ನು ತುಂಬಿದ ಮೇಲೆ ಕೊನೆಯಲ್ಲಿ ಸೂಕ್ಷ್ಮ ಲೇಖನಿಯಿಂದ ಎಳೆಯುವ ರೇಖೆಯೇ ಆ ಕಲೆಯ ಜೀವ.

ಕೊನೆಯ ವರ್ಷಗಳು ಮತ್ತು ನಂತರದ ಗತಿ

1138ರಲ್ಲಿ ಸೋಮೇಶ್ವರನ ಆಳ್ವಿಕೆ ಕೊನೆಗೊಂಡಿತು. ಅವನ ನಂತರ ಇಮ್ಮಡಿ ಜಗದೇಕಮಲ್ಲನೂ 1151ರಿಂದ ಮುಮ್ಮಡಿ ತೈಲನೂ ಆಳಿದರು. ತೈಲನ ಕಾಲದಲ್ಲಿಯೇ ಕಲಚುರಿ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. ಪ್ರಾಪ್ತವಾದ ರಾಜ್ಯವನ್ನು ಸ್ಥಿರಗೊಳಿಸುವ ಬಗೆಯನ್ನು ಇಪ್ಪತ್ತು ಅಧ್ಯಾಯಗಳಲ್ಲಿ ಹೇಳಿದವನ ರಾಜ್ಯ, ಗ್ರಂಥ ರಚನೆಯಾದ ಸುಮಾರು ಮೂರು ದಶಕಗಳಲ್ಲಿ ಅವನ ವಂಶದ ಕೈಬಿಟ್ಟುಹೋಯಿತು. ಗೃಹೋಪಭೋಗದಲ್ಲಿ ವರ್ಣಿತವಾದ ಚಿತ್ರಶಾಲೆಗಳೂ ಕಾಲಕ್ರಮದಲ್ಲಿ ಅಳಿದುಹೋದವು.

ಅದೇ ಕಲ್ಯಾಣದಲ್ಲಿ ಬಿಜ್ಜಳನ ಕಾಲಕ್ಕೆ ಶರಣರು ಕಾಯಕದ ಮಾತನ್ನಾಡಿದರು. ಮಡಿವಾಳ, ಅಂಬಿಗ, ಮಾದಾರ, ನುಲಿಯ ಮೊದಲಾದ ಕಸುಬಿನ ಹೆಸರುಗಳನ್ನು ಹೊತ್ತವರು ತಮ್ಮ ಕೈಯ ಉಪಕರಣಗಳನ್ನೇ ರೂಪಕಗಳನ್ನಾಗಿಸಿ ಕನ್ನಡದಲ್ಲಿ ವಚನಗಳನ್ನು ರಚಿಸಿದರು. ಮಾನಸೋಲ್ಲಾಸ ಮತ್ತು ವಚನ ಸಾಹಿತ್ಯಗಳನ್ನು ಒಂದೇ ಊರಿನ ಎರಡು ದಾಖಲೆಗಳಾಗಿ ನೋಡಿದಾಗ ಅವುಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ. ವಚನಗಳಲ್ಲಿ ಕಾಯಕದವನು ತನ್ನ ದನಿಯಲ್ಲಿ ಮಾತನಾಡುತ್ತಾನೆ. ಮಾನಸೋಲ್ಲಾಸದಲ್ಲಿ ಅವನ ಅರಿವು ಅರಸನ ದನಿಯಲ್ಲಿ, ಸಂಸ್ಕೃತದ ಅನುಷ್ಟುಪ್ಪಿನಲ್ಲಿ ಕೇಳಿಬರುತ್ತದೆ. ಕುಂಚ ಕಟ್ಟಿದವನು ಅರಗು, ಕರು, ಜಾಜು, ಕಾಡಿಗೆ ಎಂದೇ ಹೇಳಿದ್ದಿರಬೇಕು. ಗ್ರಂಥದಲ್ಲಿ ಅವು ಲಾಕ್ಷಾ, ವತ್ಸ, ಗೈರಿಕ, ಕಜ್ಜಲಗಳಾದವು. ಚಾವುಂಡರಾಯನಂತೆ ಕನ್ನಡದಲ್ಲಿ ಬರೆದಿದ್ದರೆ ಕಲ್ಯಾಣದ ಚಿತ್ರಗಾರರ ಪಾರಿಭಾಷಿಕ ಪದಗಳ ಒಂದು ನಿಧಿಯೇ ಕನ್ನಡಕ್ಕೆ ಉಳಿಯುತ್ತಿತ್ತು. ಈ ನಷ್ಟವನ್ನು ಗುರುತಿಸದೆ ಸೋಮೇಶ್ವರನನ್ನು ಹೊಗಳುವುದು ಪೂರ್ಣ ನ್ಯಾಯವಾಗದು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಸಂಸ್ಕೃತದಲ್ಲಿ ಇದ್ದುದರಿಂದಲೇ ಗ್ರಂಥದ ಪ್ರತಿಗಳು ದೂರದ ಪ್ರಾಂತಗಳಿಗೆ ಹೋದವು, ಉಳಿದವು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಭೂಪಾಲನು ಶಿವತತ್ತ್ವರತ್ನಾಕರವನ್ನು ರಚಿಸಿದಾಗ ಚಿತ್ರದ ವಿಷಯಕ್ಕೆ ಮಾನಸೋಲ್ಲಾಸವನ್ನೇ ಆಕರವಾಗಿ ಬಳಸಿಕೊಂಡನು. ಹೀಗೆ ಕಲ್ಯಾಣದ ಕುಂಚ ಆರು ಶತಮಾನಗಳ ನಂತರ ಮಲೆನಾಡಿನ ಇನ್ನೊಬ್ಬ ಕನ್ನಡ ದೊರೆಯ ಗ್ರಂಥಕ್ಕೆ ದಾಟಿತು. ಇಪ್ಪತ್ತನೆಯ ಶತಮಾನದಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಿಂದ ಮೂರು ಸಂಪುಟಗಳಲ್ಲಿ ಮಾನಸೋಲ್ಲಾಸವು ಪ್ರಕಟವಾಯಿತು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಅಭಿಲಷಿತಾರ್ಥಚಿಂತಾಮಣಿಯ ಮೊದಲ ಭಾಗವನ್ನು ಸಂಪಾದಿಸಿದರು.

ಗ್ರಂಥಗಳ ಹಾದಿಯ ಜೊತೆಗೆ ಕೈಯಿಂದ ಕೈಗೆ ಸಾಗಿದ ಹಾದಿಯೂ ಒಂದಿದೆ. ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಾರರು ಅಳಿಲು, ಒಂಟೆ, ಆಡುಗಳ ಕೂದಲಿನಿಂದ ಕುಂಚಗಳನ್ನು ಮಾಡಿಕೊಳ್ಳುತ್ತಿದ್ದರು. ಅತಿಸೂಕ್ಷ್ಮ ರೇಖೆಗಳಿಗೆ ಒಂದು ಬಗೆಯ ಹುಲ್ಲಿನ ಚೂಪಾದ ಎಸಳನ್ನು ಬಳಸುತ್ತಿದ್ದರು. ಕರಡು ರೇಖೆಗಳಿಗೆ ಹುಣಸೆಯ ಕಡ್ಡಿಯನ್ನು ಸುಟ್ಟ ಇದ್ದಿಲು ಅವರ ವರ್ತಿಕೆ. ಇವರ ಪದ್ಧತಿ ಮಾನಸೋಲ್ಲಾಸದ ಒಂದೇ ಕೂದಲಿಗಿಂತ ಶಿಲ್ಪರತ್ನದ ಹಲವು ಕೂದಲುಗಳ ಕ್ರಮಕ್ಕೆ ಹತ್ತಿರ. ಅವರ ನೆಲೆಯೂ ಬಹುಮಟ್ಟಿಗೆ ಗೋಡೆಯಿಂದ ಹಲಗೆ, ಬಟ್ಟೆ, ಕಾಗದಗಳಿಗೆ ಬಂದಿತ್ತು. ಮೇಲೆ ಹೇಳಿದ ಕೂದಲು ಮತ್ತು ನೆಲೆಗಳ ಸಂಬಂಧಕ್ಕೆ ಇದು ಇನ್ನೊಂದು ಪುರಾವೆ.

ಉಪಸಂಹಾರ

ಮೂರನೆಯ ಸೋಮೇಶ್ವರನನ್ನು ಅವನ ತಂದೆಯ ಅಳತೆಗೋಲಿನಿಂದ ಅಳೆದಾಗ ಅವನು ಗಿಡ್ಡನಾಗಿ ಕಾಣುತ್ತಾನೆ. ವೇಂಗಿ ಹೋಯಿತು, ಸಾಮಂತರು ಕೈಮೀರಿದರು, ಕೆಲವೇ ದಶಕಗಳಲ್ಲಿ ರಾಜಧಾನಿಯೂ ಪರರದಾಯಿತು. ಆದರೆ ವಿಕ್ರಮಾದಿತ್ಯನು ಗೆದ್ದ ಯಾವ ಗಡಿಯೂ ಇಂದು ಗಡಿಯಾಗಿ ಉ­ಳಿದಿಲ್ಲ. ಸೋಮೇಶ್ವರನು ದಾಖಲಿಸಿದ ವಿಧಾನ ಇಂದಿಗೂ ವಿಧಾನವೇ ಆಗಿದೆ. ಆ ಶ್ಲೋಕಗಳನ್ನು ಓದಿ ಒಬ್ಬನು ಈಗಲೂ ಕುಂಚವನ್ನು ಕಟ್ಟಬಲ್ಲನು.

ಆದರೂ ಚಿತ್ರವಿದ್ಯಾವಿರಿಂಚಿ ಎಂಬ ಬಿರುದನ್ನು ಅರಸನಿಗೆ ಮಾತ್ರ ಬಿಟ್ಟುಕೊಡುವುದು ಕಷ್ಟ. ವಜ್ರಲೇಪವನ್ನು ಬಣ್ಣಕ್ಕೆ ಬಿಟ್ಟು ಕುಂಚಕ್ಕೆ ಅರಗನ್ನು ಆರಿಸಿದ ಬುದ್ಧಿ, ದನದ ಇಡೀ ಮೈಯಲ್ಲಿ ಕಿವಿಯನ್ನು ಹುಡುಕಿದ ಕಣ್ಣು, ಜವೆಯಷ್ಟು ಹೊರಗೆ ಜವೆಯಷ್ಟು ಒಳಗೆ ಎಂದು ಅಳೆದ ಕೈ ಹೆಸರಿಲ್ಲದ ಚಿತ್ರಗಾರರವು. ಸೋಮೇಶ್ವರನ ನಿಜವಾದ ಹಿರಿಮೆಯೆಂದರೆ, ಸಿಂಹಾಸನದಲ್ಲಿ ಕುಳಿತೂ ಆ ಕೈಗಳ ಕೆಲಸ ಶಾಸ್ತ್ರಕ್ಕೆ ಯೋಗ್ಯವೆಂದು ತಿಳಿದದ್ದು, ಅದನ್ನು ರಾಜನೀತಿ, ಆನೆ, ಕುದುರೆ, ರತ್ನಗಳ ಸಾಲಿನಲ್ಲಿಯೇ ಕೂರಿಸಿದ್ದು. ಮಾನಸೋಲ್ಲಾಸದ ಅಧ್ಯಯನವು ಅರಸನ ವಿದ್ವತ್ತಿನ ಅಧ್ಯಯನವಾಗಿ ನಿಲ್ಲದೆ, ಅದರ ಶ್ಲೋಕಗಳ ಹಿಂದಿರುವ ಕನ್ನಡ ಕುಶಲಕರ್ಮಿಗಳ ಅರಿವಿನ ಶೋಧವಾಗಿ ಮುಂದುವರಿಯಬೇಕಾಗಿದೆ. ಗೋಡೆ ಬಿದ್ದ ಮೇಲೆಯೂ ಉಳಿದಿರುವ ಆ ಕುಂಚ ಅಂತಹ ಶೋಧಕ್ಕೆ ತಕ್ಕ ಆರಂಭಬಿಂದು.